ನಮಸ್ಸು, ನಮಾಜು, ಹೃದಯ: ಹಾಸನ ಸೀಮೆಯನ್ನು ಕುರಿತ ಒಂದು ವಿಚಾರ

೧

ಕ್ರಿ. ಶ. ೨೦೨೫ನೆಯ ಇಸವಿಯ ಮೇ ತಿಂಗಳ ಕೊನೆಯಿಂದ ಜೂನ್ ಮುಗಿಯುವವರೆಗೆ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತರಾದರೆಂಬ ವಾರ್ತೆ ಹಬ್ಬಿ, ಜನರು ಭಯಗ್ರಸ್ತರಾದರು. ಮೃತರಲ್ಲಿ ಕೆಲವರು ತರುಣರಾಗಿದ್ದುದು ಆ ಭಯವನ್ನು ಇಮ್ಮಡಿಗೊಳಿಸಿತು. ತಮ್ಮ ಎದೆಯನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಜನರು ಮೈಸೂರು ಬೆಂಗಳೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ಪಟ್ಟಣಗಳಲ್ಲಿ ಬೇರೆ ಮಾತೇ ಇಲ್ಲವಾಯಿತು.

ಇಂತಹ ಕಾಲದಲ್ಲಿ ಉಪದೇಶಗಳಿಗೆ ಕೊರತೆಯಿರುವುದಿಲ್ಲ. ಐದು ವೇಳೆಯ ನಮಾಜನ್ನು ತಪ್ಪದೆ ಮಾಡುವವನಿಗೆ ಬೇರೆ ವ್ಯಾಯಾಮವೇ ಬೇಡವೆಂದು ಕೆಲವರು ಹೇಳುವುದುಂಟು. ಸೂರ್ಯನಮಸ್ಕಾರವೊಂದೇ ಹೃದ್ರೋಗಕ್ಕೆ ಸಿದ್ಧೌಷಧವೆಂದು ಮತ್ತೆ ಕೆಲವರು ಹೇಳುವುದುಂಟು. ಈ ಎರಡು ಮಾತುಗಳು ಹೊರನೋಟಕ್ಕೆ ಬೇರೆ ಬೇರೆ ಮತಗಳವರದಾಗಿ ತೋರಿದರೂ ಅವುಗಳ ಬೇರು ಒಂದೇ. ದೇವರ ಮುಂದೆ ಬಾಗಿದ ದೇಹಕ್ಕೆ ಆರೋಗ್ಯವೂ ಫಲವಾಗಿ ದೊರೆಯುವುದೆಂಬ ನಂಬಿಕೆಯೇ ಆ ಬೇರು. ಈ ನಂಬಿಕೆಯಲ್ಲಿ ಎಷ್ಟು ದಿಟವುಂಟು, ಎಲ್ಲಿ ಅದು ದಿಟದ ಎಲ್ಲೆಯನ್ನು ಮೀರುತ್ತದೆ ಎಂಬುದನ್ನು ಶಬ್ದ, ಶಾಸ್ತ್ರ, ದೇಶಚರಿತ್ರೆ, ಆಧುನಿಕ ಪರೀಕ್ಷೆ ಎಂಬ ನಾಲ್ಕು ಮುಖಗಳಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಶಬ್ದವಿಚಾರ. ಮುಸಲ್ಮಾನರ ನಿತ್ಯಪ್ರಾರ್ಥನೆಗೆ ಅರಬ್ಬಿಯಲ್ಲಿ ‘ಸಲಾತ್’ ಎಂದು ಹೆಸರು. ಕನ್ನಡ ನಾಡಿನಲ್ಲಿ ಬಳಕೆಯಲ್ಲಿರುವ ‘ನಮಾಜು’ ಎಂಬುದು ಅರಬ್ಬಿಯಲ್ಲ, ಪಾರಸಿ. ಪಾರಸಿಯ ‘ನಮಾಜ್’ ಶಬ್ದವು ಪಹ್ಲವಿಯಿಂದ ಬಂದುದು. ಅದಕ್ಕೂ ಹಿಂದಿನ ಅವೆಸ್ತಾ ಭಾಷೆಯಲ್ಲಿ ‘ನೆಮಹ್’ ಎಂಬ ರೂಪವಿದ್ದು, ಅದು ಸಂಸ್ಕೃತದ ‘ನಮಸ್’ ಶಬ್ದಕ್ಕೆ ಸೋದರ. ಸಂಸ್ಕೃತ ಧಾತುಪಾಠವು ‘ನಮ್’ ಧಾತುವಿಗೆ ಪ್ರಹ್ವತ್ವ, ಎಂದರೆ ಬಾಗುವಿಕೆ, ಎಂಬ ಅರ್ಥವನ್ನು ಕೊಡುತ್ತದೆ. ಹೀಗಿರಲು ಮಸೀದಿಯಲ್ಲಿ ನಮಾಜು ಮಾಡುವವನೂ ದೇವಾಲಯದಲ್ಲಿ ನಮಸ್ಕಾರ ಮಾಡುವವನೂ ಒಂದೇ ಮೂಲದಿಂದ ಕವಲೊಡೆದ ಎರಡು ಶಬ್ದಗಳಿಂದ ತಮ್ಮ ಕರ್ಮವನ್ನು ಹೆಸರಿಸುತ್ತಿದ್ದಾರೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಇದು ಶಬ್ದಗಳ ಸೋದರತ್ವವೇ ಹೊರತು ಒಂದು ಮತದ ವಿಧಿಯನ್ನು ಇನ್ನೊಂದು ಮತವು ಎರವಲು ಪಡೆದುದಕ್ಕೆ ಪ್ರಮಾಣವಲ್ಲ. ನಮಾಜಿನ ವಿಧಿಯು ಅರಬ್ಬೀ ದೇಶದಲ್ಲಿ ರೂಪುಗೊಂಡುದು. ಅದಕ್ಕೆ ಪಾರಸಿಕರು ತಮ್ಮ ಹಳೆಯ ಶಬ್ದವನ್ನು ಇಟ್ಟರು, ಅಷ್ಟೆ. ‘ಸಲಾತ್’ ಶಬ್ದವನ್ನಾದರೂ ವಿದ್ವಾಂಸರು ಅರಾಮಿಕ್ ಭಾಷೆಯ ಪ್ರಾರ್ಥನಾವಾಚಕದೊಡನೆ ಸಂಬಂಧಿಸುತ್ತಾರೆ. ಅದರ ಧಾತುವಿಗೂ ಬಾಗುವುದೆಂಬ ಅರ್ಥವನ್ನೇ ಹೇಳುತ್ತಾರೆ.

ಕನ್ನಡದಲ್ಲಿಯೂ ಇದೇ ಸ್ಥಿತಿ. ‘ಮಣಿ’ ಎಂದರೆ ಬಾಗುವುದೂ ಹೌದು, ವಿಧೇಯನಾಗುವುದೂ ಹೌದು. ಹಳಗನ್ನಡದ ‘ಎಱಗು’ ಶಬ್ದವು ಕೆಳಗಿಳಿಯುವುದನ್ನೂ ವಂದಿಸುವುದನ್ನೂ ಒಟ್ಟಿಗೆ ಸೂಚಿಸುತ್ತದೆ. ಭಕ್ತಿಯನ್ನು ಹೇಳಲು ಹೊರಟ ಭಾಷೆಗಳು ಮೊದಲು ಬೆನ್ನುಮೂಳೆಯ ಬಾಗನ್ನು ಕಂಡು, ಆ ಬಳಿಕ ಮನಸ್ಸಿನ ಬಾಗನ್ನು ಹೆಸರಿಸಿದಂತೆ ತೋರುತ್ತದೆ. ಪೂಜೆಯಲ್ಲಿ ದೇಹಕ್ಕೆ ಪಾಲಿಲ್ಲವೆಂದು ಹೇಳುವುದಕ್ಕೆ ಈ ಶಬ್ದಗಳೇ ಎಡೆಗೊಡುವುದಿಲ್ಲ.

೩

ನಮಾಜಿನಲ್ಲಿ ದೇಹದ ಪಾಲು ಎಷ್ಟೆಂಬುದನ್ನು ಎಣಿಸಿಯೇ ಹೇಳಬಹುದು. ನಮಾಜಿನ ಒಂದು ಆವರ್ತಕ್ಕೆ ‘ರಕಾತು’ ಎಂದು ಹೆಸರು. ಇದರಲ್ಲಿ ನೇರವಾಗಿ ನಿಲ್ಲುವ ‘ಕಿಯಾಮ್’, ಮೊಳಕಾಲುಗಳ ಮೇಲೆ ಕೈಯಿಟ್ಟು ಸೊಂಟದಿಂದ ಬಾಗುವ ‘ರುಕೂ’, ಮರಳಿ ನೆಟ್ಟಗೆ ನಿಂತ ಬಳಿಕ ನೆಲಕ್ಕೆ ಹಣೆಯಿಡುವ ‘ಸಜ್ದಾ’, ಎರಡು ಸಜ್ದಾಗಳ ನಡುವೆ ಕುಳಿತುಕೊಳ್ಳುವುದು, ಇವು ಕ್ರಮವಾಗಿ ಬರುತ್ತವೆ. ಬೆಳಗಿನ ಜಾವದ ಫಜರಿನಲ್ಲಿ ೨, ನಡುಹಗಲ ಝುಹರಿನಲ್ಲಿ ೪, ಇಳಿಹೊತ್ತಿನ ಅಸರಿನಲ್ಲಿ ೪, ಸೂರ್ಯಾಸ್ತದ ಮಗ್ರಿಬಿನಲ್ಲಿ ೩, ರಾತ್ರಿಯ ಇಶಾದಲ್ಲಿ ೪, ಹೀಗೆ ದಿನವೊಂದಕ್ಕೆ ೧೭ ರಕಾತುಗಳು ಕಡ್ಡಾಯ. ಒಂದೊಂದು ರಕಾತಿನಲ್ಲಿ ಒಂದು ರುಕೂ, ಎರಡು ಸಜ್ದಾ ಇರುವುದರಿಂದ ದಿನಕ್ಕೆ ೧೭ ರುಕೂ, ೩೪ ಸಜ್ದಾಗಳಾಗುತ್ತವೆ. ಹಳೆಯ ಮೈಸೂರು ಸೀಮೆಯ ಮುಸಲ್ಮಾನರಲ್ಲಿ ಬಹುಮಂದಿ ಅನುಸರಿಸುವ ಹನಫೀ ಪಂಥದಲ್ಲಿ ಇವುಗಳೊಡನೆ ೧೨ ಸುನ್ನತ್ ರಕಾತುಗಳನ್ನೂ ರಾತ್ರಿಯ ೩ ವಿತರ್ ರಕಾತುಗಳನ್ನೂ ಬಿಡಬಾರದೆಂಬ ನಿಯಮವುಂಟು. ಅವನ್ನು ಸೇರಿಸಿದರೆ ೩೨ ರುಕೂ, ೬೪ ಸಜ್ದಾಗಳು. ಶುಕ್ರವಾರದ ಜುಮಾದಲ್ಲಿ ಈ ಎಣಿಕೆ ಸ್ವಲ್ಪ ವ್ಯತ್ಯಾಸಗೊಳ್ಳುತ್ತದೆ. ರಂಜಾನ್ ತಿಂಗಳ ರಾತ್ರಿಗಳಲ್ಲಿ ತರಾವೀಹಿನ ೨೦ ರಕಾತುಗಳು ಹೆಚ್ಚಾಗಿ ಕೂಡುತ್ತವೆ.

ಸಜ್ದಾದಲ್ಲಿ ನೆಲವನ್ನು ಮುಟ್ಟಬೇಕಾದ ಅಂಗಗಳು ಏಳು: ಮೂಗಿನೊಡಗೂಡಿದ ಹಣೆ, ಎರಡು ಅಂಗೈ, ಎರಡು ಮೊಳಕಾಲು, ಎರಡು ಪಾದಗಳ ಬೆರಳುಗಳು. ಇದನ್ನು ಸಾಷ್ಟಾಂಗ ನಮಸ್ಕಾರದೊಡನೆ ಹೋಲಿಸಿದರೆ ಒಂದು ಭೇದವು ಕಣ್ಣಿಗೆ ಬೀಳುತ್ತದೆ. ಎದೆ, ತಲೆ, ದೃಷ್ಟಿ, ಮನಸ್ಸು, ವಾಕ್ಕು, ಪಾದ, ಕೈ, ಮೊಳಕಾಲು ಎಂಬ ಎಂಟು ಅಂಗಗಳನ್ನು ಹೇಳುವ ಸಂಪ್ರದಾಯದಲ್ಲಿ ಎದೆಯೇ ಮೊದಲನೆಯದು. ಸಾಷ್ಟಾಂಗದಲ್ಲಿ ಎದೆ ನೆಲಕ್ಕೆ ತಗಲುತ್ತದೆ. ಸಜ್ದಾದಲ್ಲಿ ಎದೆಯು ಮೇಲೆಯೇ ಉಳಿದು ತಲೆಯು ಅದಕ್ಕಿಂತ ಕೆಳಗೆ ಇಳಿಯುತ್ತದೆ. ಈ ಭೇದವು ಮುಂದೆ ರಕ್ತಸಂಚಾರದ ವಿಚಾರದಲ್ಲಿ ಪ್ರಯೋಜನಕ್ಕೆ ಬರುವುದು.

ಇಷ್ಟೊಂದು ಚಲನೆಯಿದ್ದರೂ ಚಲನೆಯೇ ನಮಾಜಿನ ಉದ್ದೇಶವಲ್ಲವೆಂಬುದಕ್ಕೆ ಆ ಶಾಸ್ತ್ರದಲ್ಲಿಯೇ ಎರಡು ಪ್ರಮಾಣಗಳುಂಟು. ನಿಲ್ಲಲಾರದವನು ಕುಳಿತೂ, ಕುಳಿತುಕೊಳ್ಳಲಾರದವನು ಮಲಗಿಯೂ ಸನ್ನೆಯಿಂದಲೇ ನಮಾಜನ್ನು ಪೂರೈಸಬಹುದು. ಆಗ ಕರ್ಮಕ್ಕೆ ಯಾವ ನ್ಯೂನತೆಯೂ ಬಾರದು. ಇದು ಒಂದು. ಒಂದೊಂದು ಸ್ಥಿತಿಯಲ್ಲಿಯೂ ಅಂಗಗಳು ಶಾಂತವಾಗಿ ನೆಲೆನಿಲ್ಲಬೇಕು, ಆತುರ ಕೂಡದು, ಮಸೀದಿಗೆ ಓಡಿಬರುವುದೂ ತರವಲ್ಲ ಎಂಬುದು ಎರಡನೆಯದು. ವ್ಯಾಯಾಮವೇ ಉದ್ದಿಷ್ಟವಾಗಿದ್ದರೆ ಈ ಎರಡು ನಿಯಮಗಳಿಗೂ ಅರ್ಥವಿರುತ್ತಿರಲಿಲ್ಲ.

೪

ಇನ್ನು ವೈದ್ಯಶಾಸ್ತ್ರ. ಸುಶ್ರುತನು ಚಿಕಿತ್ಸಾಸ್ಥಾನದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡತಕ್ಕದ್ದೆಂದು ವಿಧಿಸಿ, ಆ ಬಲಾರ್ಧಕ್ಕೆ ಲಕ್ಷಣವನ್ನೂ ಹೇಳಿದ್ದಾನೆ. ಹೃದಯಸ್ಥಾನದಲ್ಲಿರುವ ವಾಯುವು ಬಾಯಿಗೆ ಬರುವುದೇ ಆ ಲಕ್ಷಣ. ಏದುಸಿರು ಬಂದಾಗ ನಿಲ್ಲಿಸು ಎಂದು ಇದರ ತಾತ್ಪರ್ಯ. ಕ್ರಿ. ಶ. ೧೦೩೭ರಲ್ಲಿ ಮೃತನಾದ ಇಬ್ನ್ ಸೀನಾನು ತನ್ನ ‘ಕಾನೂನ್’ ಗ್ರಂಥದಲ್ಲಿ ವ್ಯಾಯಾಮವನ್ನು ನಿರ್ವಚಿಸುವಾಗ, ಇಚ್ಛಾಪೂರ್ವಕವಾಗಿ ಮಾಡಿದ ಯಾವ ಚಲನೆಯಿಂದ ಉಸಿರು ಆಳವಾಗಿಯೂ ವೇಗವಾಗಿಯೂ ಆಗುವುದೋ ಅದೇ ವ್ಯಾಯಾಮವೆಂಬ ಅಭಿಪ್ರಾಯವನ್ನು ಕೊಟ್ಟಿದ್ದಾನೆ. ಇಬ್ಬರೂ ಉಸಿರನ್ನೇ ಅಳತೆಗೋಲಾಗಿ ಹಿಡಿದರು. ಸುಶ್ರುತನ ಗ್ರಂಥವನ್ನು ಯಾಹ್ಯಾ ಬರ್ಮಕಿಯ ಆಜ್ಞೆಯಂತೆ ಮಂಕನೆಂಬ ಭಾರತೀಯ ವೈದ್ಯನು ಬಾಗ್ದಾದಿನಲ್ಲಿ ಅರಬ್ಬಿಗೆ ತಂದನೆಂದು ಹತ್ತನೆಯ ಶತಮಾನದ ಇಬ್ನ್ ಅನ್ನದೀಮನು ತನ್ನ ಗ್ರಂಥಸೂಚಿಯಲ್ಲಿ ಹೇಳಿರುವುದುಂಟು. ಆದರೂ ಇಬ್ನ್ ಸೀನಾನ ಈ ನಿರ್ವಚನಕ್ಕೆ ಯವನವೈದ್ಯ ಗೇಲನನಲ್ಲಿಯೇ ಆಧಾರ ದೊರೆಯುವುದರಿಂದ ಸಾದೃಶ್ಯಮಾತ್ರವನ್ನು ಕಂಡು ಋಣವನ್ನು ಊಹಿಸುವುದು ಯುಕ್ತವಲ್ಲ.

ಈ ಅಳತೆಗೋಲನ್ನು ನಮಾಜಿಗೆ ಹಿಡಿದರೆ ಏನು ಸಿದ್ಧಿಸುತ್ತದೆ? ಶಾಂತವಾಗಿ, ನಿಯಮದಂತೆ ಮಾಡಿದ ನಮಾಜಿನಲ್ಲಿ ಆರೋಗ್ಯವಂತನಿಗೆ ಏದುಸಿರು ಬರುವುದಿಲ್ಲ. ಆದುದರಿಂದ ಸುಶ್ರುತನ ಮತದಲ್ಲಿಯೂ ಇಬ್ನ್ ಸೀನಾನ ಮತದಲ್ಲಿಯೂ ಅದು ಪೂರ್ಣಾರ್ಥದಲ್ಲಿ ವ್ಯಾಯಾಮವಾಗದು. ಆದರೆ ದೇಹಕ್ಕೆ ಅದರಿಂದ ಯಾವ ಉಪಕಾರವೂ ಇಲ್ಲವೆಂದೂ ಹೇಳಲಾಗದು. ಕ್ರಿ. ಶ. ೧೩೫೦ರಲ್ಲಿ ದಮಾಸ್ಕಸಿನಲ್ಲಿ ಮೃತನಾದ ಇಬ್ನ್ ಕಯ್ಯಿಮ್ ಅಲ್-ಜೌಝಿಯ್ಯಾ ಎಂಬ ಧರ್ಮಶಾಸ್ತ್ರಜ್ಞನು, ನಮಾಜಿನ ನಿಲ್ಲುವುದು, ಬಾಗುವುದು, ಏಳುವುದು ಇವುಗಳಿಂದ ದೇಹದ ಬಹುತೇಕ ಕೀಲುಗಳು ಚಲಿಸುವುವೆಂದೂ ಅದರಲ್ಲಿ ಆರೋಗ್ಯರಕ್ಷಣೆಯ ಅಂಶವಿದೆಯೆಂದೂ ಬರೆದಿದ್ದಾನೆ. ಪೂಜೆಯಲ್ಲಿ ದೇಹಹಿತವನ್ನು ಕಾಣುವುದು ಕೇವಲ ಈ ಕಾಲದವರ ಕಲ್ಪನೆಯಲ್ಲವೆಂಬುದಕ್ಕೆ ಇದು ಸಾಕ್ಷಿ.

ಈ ಸಂಬಂಧವನ್ನು ನಿರ್ಣಯಿಸಲು ಆಪಸ್ತಂಬ ಧರ್ಮಸೂತ್ರದ ಒಂದು ದೃಷ್ಟಾಂತವು ಅತ್ಯಂತ ಉಪಯುಕ್ತ. ಲೌಕಿಕ ಲಾಭವನ್ನು ಮುಂದಿಟ್ಟುಕೊಂಡು ಧರ್ಮವನ್ನು ಆಚರಿಸಬಾರದೆಂದು ಹೇಳಿದ ಸೂತ್ರಕಾರನು, ಹಣ್ಣಿಗಾಗಿ ಮಾವಿನ ಮರವನ್ನು ನೆಟ್ಟವನಿಗೆ ನೆರಳೂ ಪರಿಮಳವೂ ತಾವಾಗಿ ದೊರೆಯುವಂತೆ, ಆಚರಿಸಿದ ಧರ್ಮದ ಹಿಂದೆ ಅರ್ಥಗಳು ತಾವಾಗಿ ಬರುವುವೆಂದು ವಿವರಿಸಿದನು. ಶಾಸ್ತ್ರಪರಿಭಾಷೆಯಲ್ಲಿ ಹಣ್ಣು ಪ್ರಧಾನಫಲ, ನೆರಳು ಆನುಷಂಗಿಕಫಲ. ನಮಾಜಿಗೆ ಈಶ್ವರಾಜ್ಞೆಯ ಪಾಲನೆಯೇ ಹಣ್ಣು. ಕೀಲುಗಳ ಸಡಿಲವೂ ಎದೆಯ ನೆಮ್ಮದಿಯೂ ನೆರಳು. ನೆರಳು ಸುಳ್ಳಲ್ಲ. ಆದರೆ ನೆರಳಿಗಾಗಿ ಮಾವನ್ನು ನೆಡುವವರಿಲ್ಲ. ನೆರಳಿದೆಯೆಂದು ಮನೆಗೆ ಮಾಡು ಹಾಕದೆ ಬಿಡುವವರೂ ಇಲ್ಲ.

೫

ಈ ನೆರಳು ಹಣ್ಣುಗಳ ಸಂಬಂಧವು ಕಾಲಾನುಕ್ರಮದಲ್ಲಿ ಹೇಗೆ ತಲೆಕೆಳಗಾಯಿತೆಂಬುದಕ್ಕೆ ಹಾಸನ ಸೀಮೆಯ ಚರಿತ್ರೆಯೇ ಉದಾಹರಣೆಗಳನ್ನು ಒದಗಿಸುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಕ್ರಿ. ಶ. ೯೮೧ರ ಸುಮಾರಿನಲ್ಲಿ ಚಾವುಂಡರಾಯನು ನಿಲ್ಲಿಸಿದ ಗೊಮ್ಮಟನದು ಕಾಯೋತ್ಸರ್ಗ ಭಂಗಿ. ಕಾಯೋತ್ಸರ್ಗವೆಂದರೆ ಕಾಯವನ್ನು ಬಿಡುವುದು. ದೇಹದ ಮೇಲಣ ಮಮತೆಯನ್ನು ತೊರೆದು ಅಲುಗದೆ ನಿಲ್ಲುವುದು. ಜೈನಾಚಾರದಲ್ಲಿ ಅದರ ಅವಧಿಯನ್ನು ಉಚ್ಛ್ವಾಸಗಳ ಎಣಿಕೆಯಿಂದ ಗೊತ್ತುಮಾಡುತ್ತಾರೆ. ಇಲ್ಲಿ ಉಸಿರು ಪೂಜೆಯ ಅಳತೆಗೋಲೇ ಹೊರತು ದೇಹಬಲದ ಅಳತೆಗೋಲಲ್ಲ. ಅರಕಲಗೂಡಿನ ಹೆಸರಿನಲ್ಲಿ ಅರ್ಕನು, ಎಂದರೆ ಸೂರ್ಯನು, ನೆಲಸಿದ್ದಾನೆ. ಅದರ ಹಳೆಯ ಹೆಸರು ಅರ್ಕಪುರಿಯೆಂದೂ ಗೌತಮಋಷಿಯು ಅಲ್ಲಿ ಅರ್ಕೇಶ್ವರನನ್ನು ಪ್ರತಿಷ್ಠಿಸಿದನೆಂದೂ ಸ್ಥಳಪುರಾಣವು ಹೇಳುತ್ತದೆ. ಸೂರ್ಯನಿಗೆ ಮಾಡುವ ನಮಸ್ಕಾರವು ಇಂತಹ ಕ್ಷೇತ್ರಗಳಲ್ಲಿ ಉಪಾಸನೆಯಾಗಿತ್ತು. ಆರೋಗ್ಯವನ್ನು ಭಾಸ್ಕರನಿಂದ ಬೇಡುವ ರೂಢಿಯು ಹಳೆಯದೇ. ಆದರೆ ಬೇಡುತ್ತಿದ್ದುದು ದೇವರನ್ನು, ಸ್ನಾಯುಗಳನ್ನಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಸ್ಥಿತಿ ಬದಲಾಯಿತು. ಔಂಧ ಸಂಸ್ಥಾನದ ರಾಜರು ೧೯೨೮ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಸೂರ್ಯನಮಸ್ಕಾರವನ್ನು ಸರ್ವಜನರ ವ್ಯಾಯಾಮವೆಂದು ಸಾರಿದರು. ಮೈಸೂರು ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೇ ‘ಶ್ರೀತತ್ತ್ವನಿಧಿ’ಯೊಳಗೆ ೧೨೨ ಆಸನಗಳ ಚಿತ್ರಗಳು ಸಂಗೃಹೀತವಾಗಿದ್ದುವು. ಆ ಪರಂಪರೆಗೆ ಹೊಸ ಜೀವವನ್ನು ಕೊಟ್ಟವರು ತಿರುಮಲೆ ಕೃಷ್ಣಮಾಚಾರ್ಯರು. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿ, ಷಡ್ದರ್ಶನಗಳಲ್ಲಿ ವ್ಯಾಸಂಗ ಮಾಡಿದ ಈ ವಿದ್ವಾಂಸರು ಕೆಲವು ಕಾಲ ಹಾಸನ ಸೀಮೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಕರಾಗಿದ್ದರು. ೧೯೨೭ರಲ್ಲಿ ಹಾಸನದಲ್ಲಿ ಅವರು ಆಸನಗಳನ್ನು ಪ್ರದರ್ಶಿಸಿದಾಗ, ಹಾಸನದ ಬಳಿಯ ಕೌಶಿಕ ಗ್ರಾಮದ ಹನ್ನೆರಡು ವರ್ಷದ ಬಾಲಕನೊಬ್ಬನು ಅದನ್ನು ನೋಡಿ ಮರುದಿನವೇ ಶಿಷ್ಯನಾದನು. ಮುಂದೆ ಮೈಸೂರಿನ ಪಟ್ಟಾಭಿ ಜೋಯಿಸರೆಂದು ಲೋಕಪ್ರಸಿದ್ಧನಾದವನು ಆ ಬಾಲಕನೇ. ಕೃಷ್ಣಮಾಚಾರ್ಯರು ೧೯೩೪ರಲ್ಲಿ ಕನ್ನಡದಲ್ಲಿಯೇ ‘ಯೋಗಮಕರಂದ’ವನ್ನು ಪ್ರಕಟಿಸಿದರು, ಜೋಯಿಸರು ೧೯೬೨ರಲ್ಲಿ ‘ಯೋಗಮಾಲಾ’ ಎಂಬ ಕನ್ನಡ ಗ್ರಂಥವನ್ನು ಹೊರತಂದರು. ಸಮಾಧಿಗೆ ಅಂಗವಾಗಿದ್ದ ಆಸನವು ಈ ಅವಧಿಯಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯ ಮೂಲಕ ಬಾಲಕರ ದೇಹಪುಷ್ಟಿಗೆ ಸಾಧನವಾಯಿತು. ನೆರಳಾಗಿದ್ದುದು ಹಣ್ಣಿನ ಸ್ಥಾನಕ್ಕೆ ಬಂದಿತು. ನಮಾಜನ್ನು ವ್ಯಾಯಾಮವೆಂದು ಹೊಗಳುವ ಇಂದಿನ ಮಾತುಗಳೂ ಇದೇ ದಾರಿಯನ್ನು ಹಿಡಿದಿವೆ.

ಇದಕ್ಕೆ ಪ್ರತಿಯಾಗಿ ಹೃದಯವನ್ನು ಬೇರೊಂದು ಅರ್ಥದಲ್ಲಿ ಹುಡುಕಿದ ಪರಂಪರೆಯೂ ಈ ಸೀಮೆಯಲ್ಲಿಯೇ ಉಂಟು. ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿಗಳು ಪೂರ್ವಾಶ್ರಮದಲ್ಲಿ ಸ್ಥಾಪಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವು ಹೊಳೆನರಸೀಪುರದಲ್ಲಿ ಹೇಮಾವತಿಯ ದಡದಲ್ಲಿ ನೆಲೆಸಿ, ಶಾಂಕರಭಾಷ್ಯಗಳನ್ನು ಕನ್ನಡದಲ್ಲಿ ಪ್ರಕಟಿಸಿತು. ಛಾಂದೋಗ್ಯದ ದಹರವಿದ್ಯೆಯಲ್ಲಿ ಹೃದಯವೆಂಬುದು ಆತ್ಮನ ನೆಲೆ. ಬೃಹದಾರಣ್ಯಕದಲ್ಲಿ ಅದೇ ಶಬ್ದದ ಮೂರು ಅಕ್ಷರಗಳನ್ನು ತರುವುದು, ಕೊಡುವುದು, ಹೋಗುವುದು ಎಂಬ ಅರ್ಥಗಳಲ್ಲಿ ಬಿಡಿಸಲಾಗಿದೆ. ಇದನ್ನು ಹಿಡಿದು ಉಪನಿಷತ್ಕಾಲದಲ್ಲಿಯೇ ರಕ್ತಪರಿಭ್ರಮಣವು ತಿಳಿದಿತ್ತೆಂದು ಸಾಧಿಸುವವರುಂಟು. ಅದು ಉಪಾಸನೆಗಾಗಿ ಹೇಳಿದ ನಿರುಕ್ತಿಯೇ ಹೊರತು ಶಾರೀರಶಾಸ್ತ್ರವಲ್ಲ. ಕುರಾನಿನ ‘ಕಲ್ಬ್’ ಶಬ್ದವೂ ಹಾಗೆಯೇ. ಹೊರಳುವುದೆಂಬ ಧಾತ್ವರ್ಥವುಳ್ಳ ಆ ಶಬ್ದವು ಶ್ರದ್ಧೆಯ ನೆಲೆಯನ್ನು ಹೇಳುತ್ತದೆ. ಹೃದಯದಿಂದ ಶ್ವಾಸಕೋಶಕ್ಕೆ ರಕ್ತವು ಹೋಗಿ ಬರುವ ಕ್ರಮವನ್ನು ಹದಿಮೂರನೆಯ ಶತಮಾನದಲ್ಲಿ ಇಬ್ನ್ ಅನ್ನಫೀಸನೂ, ಸರ್ವಶರೀರದ ಪರಿಭ್ರಮಣವನ್ನು ೧೬೨೮ರಲ್ಲಿ ವಿಲಿಯಂ ಹಾರ್ವೆಯೂ ನಿರೂಪಿಸಿದುದು ಧರ್ಮಗ್ರಂಥದ ಶಬ್ದಗಳನ್ನು ಬಿಡಿಸಿ ಅಲ್ಲ. ಶಾರೀರದ ರಚನೆಯನ್ನು ವಿಚಾರಿಸಿ.

೬

ಪೂಜೆಯ ದೇಹವನ್ನು ಯಂತ್ರದಿಂದ ಅಳೆಯುವ ಪ್ರಯತ್ನದಲ್ಲಿಯೂ ಈ ಸೀಮೆಯ ಸಂಬಂಧವುಳ್ಳವರ ಹೆಸರೇ ಮೊದಲಲ್ಲಿ ಬರುತ್ತದೆ. ೧೯೩೫ರಲ್ಲಿ ಫ್ರಾನ್ಸ್ ದೇಶದ ಹೃದ್ರೋಗತಜ್ಞೆ ತೆರೇಸ್ ಬ್ರೋಸ್ ಎಂಬವರು ಹೃದಯದ ವಿದ್ಯುಲ್ಲೇಖನ ಯಂತ್ರದೊಡನೆ ಭಾರತಕ್ಕೆ ಬಂದು ಯೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ ಕೃಷ್ಣಮಾಚಾರ್ಯರೂ ಒಬ್ಬರು. ಹೃದಯದ ಬಡಿತವನ್ನು ಇಚ್ಛೆಯಿಂದ ಬಹುಮಟ್ಟಿಗೆ ಅಡಗಿಸಬಹುದೆಂಬ ಅಭಿಪ್ರಾಯವು ಇದರಿಂದ ಹರಡಿತು. ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು ಸಂಶೋಧಕರು ಮತ್ತೆ ಪರೀಕ್ಷೆ ನಡೆಸಿ ೧೯೬೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಉಸಿರನ್ನು ಬಿಗಿಹಿಡಿದು ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಿಗಿದಾಗ ನಾಡಿಯೂ ಹೃದಯದ ಶಬ್ದವೂ ಅಡಗಿದಂತೆ ತೋರುವುವೆಂದೂ, ಹೃದಯವು ಮಾತ್ರ ನಿಲ್ಲದೆ ಕೆಲಸ ಮಾಡುತ್ತಲೇ ಇರುವುದೆಂದೂ ತೋರಿಸಿದರು. ಹೆಚ್ಚಿನ ಮಾತು ಹೀಗೆ ತನ್ನ ಅಳತೆಗೆ ಇಳಿಯಿತು. ಯೋಗಿಗಳ ಸಾಮರ್ಥ್ಯಕ್ಕೆ ಇದರಿಂದ ಕುಂದು ಬರಲಿಲ್ಲ.

ನಮಾಜಿನ ವಿಷಯದಲ್ಲಿಯೂ ಪರೀಕ್ಷೆಗಳು ನಡೆದಿವೆ. ಜಪಾನಿನ ಹೊಕ್ಕೈಡೋ ವಿಶ್ವವಿದ್ಯಾಲಯದ ರೆಜಾ, ಉರಾಕಾಮಿ, ಮಾನೊ ಎಂಬವರು ೨೦೦೨ರಲ್ಲಿ, ನಮಾಜಿನ ಚಲನೆಗಳಿಂದ ರೂಪಿಸಿದ ಅಲ್ಪಾವಧಿಯ ವ್ಯಾಯಾಮವು ವೃದ್ಧರಿಗೂ ಅಂಗವಿಕಲರಿಗೂ ಪುನಶ್ಚೇತನಕ್ಕೆ ಒದಗಬಹುದೆಂದು ವಿವೇಚಿಸಿದರು. ಮಲಯಾ ವಿಶ್ವವಿದ್ಯಾಲಯದ ಸಂಶೋಧಕರು ೨೦೧೪ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸಣ್ಣ ಸಂಖ್ಯೆಯ ಪುರುಷರನ್ನು ಪರೀಕ್ಷಿಸಿ, ನಮಾಜಿನ ಕಾಲದಲ್ಲಿ ದೇಹವನ್ನು ಶಾಂತಗೊಳಿಸುವ ನರಮಂಡಲದ ಭಾಗವು ಹೆಚ್ಚು ಕೆಲಸ ಮಾಡುವುದನ್ನು ಕಂಡರು. ಇದರ ಕಾರಣವನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು. ನಿಂತಾಗ ರಕ್ತವು ಕಾಲುಗಳ ಕಡೆಗೆ ಇಳಿದು ನಿಲ್ಲುತ್ತದೆ. ಸಜ್ದಾದಲ್ಲಿ ತಲೆಯು ಎದೆಗಿಂತ ಕೆಳಗಾದಾಗ ರಕ್ತವು ಹೃದಯಕ್ಕೆ ಸುಲಭವಾಗಿ ಮರಳುತ್ತದೆ. ಕೊರಳಿನ ರಕ್ತನಾಳಗಳಲ್ಲಿರುವ ಒತ್ತಡದ ಅರಿವು ಮಿದುಳಿಗೆ ಮುಟ್ಟಿ ಹೃದಯದ ವೇಗವು ತಗ್ಗುತ್ತದೆ. ಎದ್ದು ನಿಂತಾಗ ಮತ್ತೆ ಏರುತ್ತದೆ. ಇದೇ ಕಾರಣದಿಂದ ರಕ್ತದ ಒತ್ತಡಕ್ಕೆ ಔಷಧ ಸೇವಿಸುವ ವೃದ್ಧರಿಗೆ ಸಜ್ದಾದಿಂದ ಥಟ್ಟನೆ ಎದ್ದಾಗ ತಲೆ ಸುತ್ತುವುದೂ ಸಂಭವ. ಅಂಥವರಿಗೆ ಕುಳಿತು ಮಾಡಲು ಶಾಸ್ತ್ರವೇ ಅನುಮತಿ ಕೊಟ್ಟಿರುವುದು ಇಲ್ಲಿ ಸ್ಮರಣೀಯ.

ಆದರೆ ಹೃದಯರಕ್ಷಣೆಗೆ ಬೇಕಾದ ಶ್ರಮ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಸೂಚನೆಯಂತೆ ವಯಸ್ಕರಿಗೆ ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಮಧ್ಯಮ ಶ್ರಮ ಅವಶ್ಯ. ಮಧ್ಯಮ ಶ್ರಮವೆಂದರೆ ಬಿರುಸಾದ ನಡಿಗೆಯಂತೆ ಉಸಿರಿನ ವೇಗವು ತಿಳಿಯುವಷ್ಟು ಹೆಚ್ಚುವುದು. ಸುಶ್ರುತ, ಇಬ್ನ್ ಸೀನಾರ ಅಳತೆಗೋಲೇ ಇಲ್ಲಿಯೂ ಕಾಣುತ್ತದೆ. ಒಂದು ರಕಾತಿಗೆ ಎರಡು ಮೂರು ನಿಮಿಷವೆಂದು ಹಿಡಿದರೂ ನಮಾಜಿನ ಶ್ರಮವು ಲಘುಶ್ರಮವೇ. ಅವಧಿಯ ಎಣಿಕೆಯು ತುಂಬಿದರೂ ತೀವ್ರತೆಯ ಎಣಿಕೆಯು ತುಂಬುವುದಿಲ್ಲ. ಹಾಗಾದರೆ ಅದರ ಉಪಕಾರವಾವುದು? ಬಹುಕಾಲ ಕುಳಿತೇ ಇರುವ ಅಭ್ಯಾಸವ‌ನ್ನು ಅದು ದಿನಕ್ಕೆ ಐದು ಬಾರಿ ಮುರಿಯುತ್ತದೆ, ಕೀಲುಗಳನ್ನು ಆಡಿಸುತ್ತದೆ, ಮನಸ್ಸಿನ ಆತುರವನ್ನು ತಗ್ಗಿಸುತ್ತದೆ. ಈ ಮೊದಲನೆಯ ಉಪಕಾರದ ಬೆಲೆಯನ್ನು ತಿಳಿಯಲು ಲಂಡನ್ನಿನ ಜೆರೆಮಿ ಮಾರಿಸ್ ಎಂಬ ವೈದ್ಯರು ೧೯೫೩ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ನೋಡಬೇಕು. ಎರಡು ಅಂತಸ್ತಿನ ಬಸ್ಸುಗಳಲ್ಲಿ ಕುಳಿತು ನಡೆಸುವ ಚಾಲಕರಿಗಿಂತ, ದಿನವಿಡೀ ಮೆಟ್ಟಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದ್ರೋಗವು ಕಡಮೆಯೆಂದು ಅವರು ತೋರಿಸಿದರು.

೭

ಲಂಡನ್ನಿನ ಚಾಲಕರಿಂದ ಹಾಸನದ ಚಾಲಕರಿಗೆ ಬರಲು ಹೆಚ್ಚು ದೂರವಿಲ್ಲ. ೨೦೨೫ರ ಮರಣಗಳನ್ನು ವಿಚಾರಿಸಲು ಕರ್ನಾಟಕ ಸರ್ಕಾರವು ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಆ ಸಮಿತಿಯು ಅದೇ ವರ್ಷದ ಜುಲೈಯಲ್ಲಿ, ವಾರ್ತೆಯಲ್ಲಿ ಬಂದ ಮರಣಗಳೆಲ್ಲವೂ ಹೃದ್ರೋಗದವಲ್ಲವೆಂದೂ, ಜಿಲ್ಲೆಯಲ್ಲಿ ಹಿಂದಿಗಿಂತ ವಿಶೇಷವಾದ ಹೆಚ್ಚಳವು ಕಾಣಲಿಲ್ಲವೆಂದೂ ತಿಳಿಸಿತು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಸ್ಥೂಲಕಾಯ, ಧೂಮಪಾನ, ಮದ್ಯಪಾನಗಳನ್ನು ಕಾರಣಗಳಾಗಿ ಎತ್ತಿ ತೋರಿಸಿತು. ಮೃತರಲ್ಲಿ ಆಟೋ, ಕಾರುಗಳನ್ನು ಓಡಿಸುವವರು ಇದ್ದುದನ್ನೂ ಗುರುತಿಸಿತು. ಭಯವು ಅಳತೆಗೆ ಮೀರಿತ್ತು. ರೋಗವು ಮಾತ್ರ ಸುಳ್ಳಾಗಿರಲಿಲ್ಲ.

ಈ ವಿಚಾರದಿಂದ ಸಿದ್ಧಿಸುವುದಿಷ್ಟು. ನಮಸ್ಸೆಂದರೂ ನಮಾಜೆಂದರೂ ಬಾಗುವುದೇ ಅದರ ಮೊದಲ ಅರ್ಥ. ಬಾಗಿದ ದೇಹಕ್ಕೆ ಹಿತವು ಒದಗುವುದು ಹಳೆಯ ಶಾಸ್ತ್ರಜ್ಞರಿಗೂ ತಿಳಿದಿತ್ತು, ಈಗಿನ ಯಂತ್ರಗಳಿಗೂ ತಿಳಿದಿದೆ. ಆ ಹಿತಕ್ಕೆ ಅದರದೇ ಆದ ಮಿತಿಯುಂಟು. ನಮಾಜು ಮಾಡುವ ಚಾಲಕನಿಗೂ ಸೂರ್ಯನಮಸ್ಕಾರ ಮಾಡುವ ಉಪಾಧ್ಯಾಯನಿಗೂ ನಡಿಗೆ ಬೇಕು, ಆಹಾರದಲ್ಲಿ ಮಿತಿ ಬೇಕು, ಎದೆಯಲ್ಲಿ ನೋವು ಕಂಡೊಡನೆ ವೈದ್ಯನು ಬೇಕು. ಪೂಜೆಗೆ ಇಲ್ಲದ ಭಾರವನ್ನು ಹೊರಿಸಿದರೆ, ಪೂಜಿಸುವವನೊಬ್ಬನು ಹೃದ್ರೋಗದಿಂದ ಮೃತನಾದ ದಿನ ಆತನ ಮನೆಯವರಿಗೆ ಮರಣದ ದುಃಖದೊಡನೆ ಶ್ರದ್ಧೆಯ ಸಂಶಯವೂ ಕೂಡಿಕೊಳ್ಳುತ್ತದೆ. ಹಾಸನದ ಕೆಲವು ಮನೆಗಳು ಆ ವರ್ಷ ಅಂತಹ ದುಃಖವನ್ನು ಕಂಡವು. ಆಪಸ್ತಂಬನ ಮಾವಿನ ಮರವು ಇಂದಿಗೂ ನೆರಳು ಕೊಡುತ್ತದೆ; ಆ ನೆರಳಿನಲ್ಲಿ ಕುಳಿತವನು ಮರವನ್ನು ನೆಟ್ಟುದು ಏತಕ್ಕೆಂಬುದನ್ನು ಮರೆಯದಿರುವುದೇ ವಿವೇಕ.